ಹ್ಯಾಲಿಫ್ಯಾಕ್ಸ್‌ನಲ್ಲಿ ಅಕ್ಕನ ಮನೆಯ ಅಲಾರಂ

ಮ್ಯಾಂಚೆಸ್ಟರ್

ವಿಮಾನದಿಂದ ಇಳಿದು ಹೊರಗೆ ಬಂದಾಗ ಅಕ್ಕ ಕಟಾಂಜನದ ಆಚೆ ನಿಂತಿದ್ದಳು, ಬೇರೆ ಬಾಗಿಲ ಕಡೆ ಮುಖ ಮಾಡಿಕೊಂಡು. ಆರು ವರ್ಷದ ಮೇಲೆ ಅವಳನ್ನು ಎದುರಿಗೆ ನೋಡುತ್ತಿದ್ದೆ. "ನಂದಕ್ಕಾ" ಎಂದು ಕೂಗಿದೆ. ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಅವಳ ಪಕ್ಕದಲ್ಲಿದ್ದ ಗಂಡಹೆಂಡತಿ ತಿರುಗಿ ನನ್ನನ್ನು ನೋಡಿದರು, ಅಕ್ಕ ನೋಡಲಿಲ್ಲ. ಚಿತ್ತಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ಗಂಟಲು ನನ್ನದು, ಹಿಂದಿನ ಬೆಂಚಿನವರೆಗೂ ಮುಟ್ಟುತ್ತದೆ. ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಅಂದುಕೊಂಡು, ಸಾಮಾನಿನ ಗಾಡಿ ತಳ್ಳಿಕೊಂಡು ಹೋಗಿ ಹೆಗಲು ಮುಟ್ಟಿದೆ. ಬೆಚ್ಚಿಬಿದ್ದಳು. ಆಮೇಲೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

ನನ್ನ ಅಕ್ಕ ಮಹಾನಂದಾ ನನಗಿಂತ ಹತ್ತು ವರ್ಷ ದೊಡ್ಡವಳು. ಶಹಾಬಾದಿನ ನಮ್ಮ ಓಣಿಯಿಂದ ನರ್ಸಿಂಗ್ ಓದಿದ ಮೊದಲ ಹುಡುಗಿ. ಮದುವೆ ಬೇಡ ಅಂದಳು, ಇಂಗ್ಲೆಂಡಿಗೆ ಹೋದಳು, ಅಲ್ಲೇ ಉಳಿದಳು. ಈಗ ಉತ್ತರದ ಕಡೆಯ ಹ್ಯಾಲಿಫ್ಯಾಕ್ಸ್ ಎಂಬ ಊರಿನಲ್ಲಿ, ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸ್. ಬೇಸಿಗೆ ರಜೆಯಲ್ಲಿ ನಾನು ಹೊರಟದ್ದು ಮೂರು ವಾರ ಅವಳ ಜೊತೆ ಇದ್ದು ಬರಲಿಕ್ಕೆ. ಗುಡ್ಡ ನೋಡುವುದು, ಸಮುದ್ರ ನೋಡುವುದು ಎಂದು ಅವಳೇ ಪಟ್ಟಿ ಮಾಡಿಟ್ಟಿದ್ದಳು. ಅದರಲ್ಲಿ ಹೆಚ್ಚಿನದು ಪಟ್ಟಿಯಲ್ಲೇ ಉಳಿಯಿತು.

ಹ್ಯಾಲಿಫ್ಯಾಕ್ಸ್, ಮೊದಲ ಬೆಳಗು

ಶಹಾಬಾದಿನವರಿಗೆ ಇಂಗ್ಲೆಂಡಿನಲ್ಲಿ ಇಷ್ಟು ಬೇಗ ಅರ್ಥವಾಗುವ ಊರು ಇನ್ನೊಂದು ಇರಲಾರದು. ನೆಲಕ್ಕೆ ಕಲ್ಲು, ಗೋಡೆಗೆ ಕಲ್ಲು, ಛಾವಣಿಗೂ ಕಲ್ಲಿನ ಹಲಗೆ. ಹಳೆಯ ಗಿರಣಿಗಳ ಮಸಿ ಹಿಡಿದು ಎಲ್ಲ ಕಪ್ಪಾಗಿದೆ. ಅಪ್ಪ ಭಂಕೂರಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಯಂತ್ರದ ಮೇಲೆ ದುಡಿದವನು. ಓಣಿಯ ಚಪ್ಪಡಿ ನೋಡಿ, ಇದು ಯಾವ ಥರದ ಕಲ್ಲು ಎಂದು ಅವನಾಗಿದ್ದರೆ ಕೂತು ಉಗುರಿನಿಂದ ಕೆರೆದು ನೋಡುತ್ತಿದ್ದ. ಅಕ್ಕನ ಮನೆ ಇಳಿಜಾರಿನ ಓಣಿಯಲ್ಲಿ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿತ್ತು. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ, ನಡುವೆ ಕಡಿದಾದ ಮೆಟ್ಟಿಲು.

ಬೆಳಿಗ್ಗೆ ನಾಲ್ಕೂವರೆಗೇ ಅಲ್ಲಿ ಬೆಳಕಾಗುತ್ತದೆ. ಎಚ್ಚರವಾಗಿ ಮಲಗಿದ್ದಾಗ ಅದು ಕೇಳಿಸಿತು. ಚಿಕ್. ಗುಬ್ಬಿ ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿಕ್. ಎಣಿಸಿದೆ. ನಲವತ್ತು ಎಣಿಸುವಷ್ಟರಲ್ಲಿ ಒಂದು ಸಲ, ತಪ್ಪದಂತೆ. ಯಾವ ಗುಬ್ಬಿಯೂ ಹೀಗೆ ಲೆಕ್ಕ ಇಟ್ಟು ಕೂಗುವುದಿಲ್ಲ.

ಎದ್ದು ಹುಡುಕಿದೆ. ಮೆಟ್ಟಿಲ ಮೇಲಿನ ಛಾವಣಿಯಲ್ಲಿ ಬಿಳಿ ತಟ್ಟೆಯಂಥದ್ದು ಅಂಟಿಕೊಂಡಿತ್ತು. ಸ್ಮೋಕ್ ಅಲಾರಂ. ಹೊಗೆ ಕಂಡರೆ ಕೂಗಿ ಮನೆಯವರನ್ನು ಎಬ್ಬಿಸುವ ಯಂತ್ರ. ಅಲ್ಲಿ ಅದಿಲ್ಲದ ಮನೆಯೇ ಇಲ್ಲವಂತೆ. ನಮ್ಮ ಮನೆಯಲ್ಲಿ ಅದನ್ನು ಹಾಕಿದರೆ ಮೆಣಸಿನಕಾಯಿ ಒಗ್ಗರಣೆಗೇ ದಿನಕ್ಕೆ ಮೂರು ಸಲ ಊರು ಸೇರುತ್ತದೆ.

ಡ್ಯೂಟಿಗೆ ಹೊರಟಿದ್ದ ಅಕ್ಕನನ್ನು ಕೇಳಿದೆ, ಇದು ಯಾವಾಗಿನಿಂದ ಹೀಗೆ ಕೂಗುತ್ತಿದೆ ಎಂದು. ಅವಳು ನನ್ನ ಬಾಯಿ ನೋಡಿದಳು, ಆಮೇಲೆ ನನ್ನ ಬೆರಳು ತೋರಿಸಿದ ಕಡೆ ನೋಡಿದಳು. "ಅದಾ? ಅದು ಹಂಗೇ ಇರ್ತದ, ಬಿಡು" ಎಂದು ಹೇಳಿ ಕೋಟು ಹಾಕಿಕೊಂಡು ಹೋದಳು.

ಐಲೀನ್ ಮತ್ತು ಅವಳ ಗೋಡೆ

ಪಕ್ಕದ ಮನೆಯಲ್ಲಿ ಐಲೀನ್ ಎಂಬ ಎಂಬತ್ತರ ಹೆಂಗಸು, ಒಂದು ನಾಯಿಯ ಜೊತೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಮೂರನೆಯ ದಿನ ಹಿತ್ತಿಲಲ್ಲಿ ಬಟ್ಟೆ ಒಣಗಿಸುವಾಗ ನನ್ನನ್ನು ಮಾತಾಡಿಸಿದಳು. ಬಿಸಿಲಿನ ಬಗ್ಗೆ ಹೇಳಿದಳು, ನಾಳೆಯ ಮಳೆಯ ಬಗ್ಗೆ ಹೇಳಿದಳು, ನನ್ನ ಸೀರೆ ಚೆನ್ನಾಗಿದೆ ಅಂದಳು. ಕಾಲು ಗಂಟೆಯಾದ ಮೇಲೆ, ತನ್ನದೇ ಏನೋ ತಪ್ಪಾಗಿದೆ ಎನ್ನುವಂತೆ ದನಿ ಇಳಿಸಿ, ಆ ಅಲಾರಂ ಕಡೆ ಸ್ವಲ್ಪ ನೋಡಲಿಕ್ಕಾಗುತ್ತದೆಯೇ ಎಂದು ಕೇಳಿದಳು. ಗೋಡೆ ದಾಟಿ ಅವಳ ಮಲಗುವ ಕೋಣೆಗೂ ಕೇಳಿಸುತ್ತದಂತೆ. ಕ್ರಿಸ್‌ಮಸ್ಸಿನಿಂದ.

ನಾನು ತಿಂಗಳು ಎಣಿಸಿದೆ. ಐದು ತಿಂಗಳು ಅವಳು ಆ ಚಿಕ್ ಸದ್ದಿನೊಂದಿಗೆ ಮಲಗಿದ್ದಳು, ಬಂದು ಬಾಗಿಲು ಬಡಿಯದೆ. ಚಿತ್ತಾಪುರದಲ್ಲಾದರೆ ಮೊದಲ ದಿನವೇ ಪಕ್ಕದ ಮನೆಯವರು ಕಂಪೌಂಡು ಹತ್ತಿ ನಿಂತು ಜಾಡಿಸುತ್ತಿದ್ದರು, ಸಂಜೆಗೆ ಅವರೇ ಬಂದು ಸರಿಮಾಡಿ ಚಹಾ ಕುಡಿದು ಹೋಗುತ್ತಿದ್ದರು. ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಎರಡು ಸಲ ಹೇಳಿದ್ದಳಂತೆ, ಇಲ್ಲಿಂದಲೇ, ಬಟ್ಟೆ ಒಣಗಿಸುತ್ತ. ಎರಡು ಸಲವೂ ಅಕ್ಕ ನಕ್ಕು, ಹೌದು ಚಳಿ ಜಾಸ್ತಿ ಎಂದು ಹೇಳಿ ಒಳಗೆ ಹೋದಳಂತೆ. ಅದನ್ನು ಹೇಳುವಾಗ ಐಲೀನಳಿಗೆ ನೋವಾಗಿತ್ತು. ಅಕ್ಕ ಬೇಕೆಂದೇ ಹಾಗೆ ಮಾಡಿದಳು ಅಂದುಕೊಂಡಿದ್ದಳು.

ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ಐಲೀನಳ ಏಣಿಯನ್ನು ಕೇಳಿ ತಂದೆ.

ಏಣಿಯ ಮೇಲೆ ಎರಡು ದಿನ

ಮೂಲೆಯ ಅಂಗಡಿಯಲ್ಲಿ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಸಿಕ್ಕಿತು. ನಾವು ಶಾಲೆಯ ಲ್ಯಾಬಿನಲ್ಲಿ ಮಕ್ಕಳಿಗೆ ತೋರಿಸುವುದೂ ಅದೇ. ಏಣಿ ಹತ್ತಿ ತಟ್ಟೆಯನ್ನು ತಿರುವಿ ಬಿಚ್ಚಿದೆ. ಒಳಗೆ ಧೂಳು, ನಮ್ಮ ಕಡೆಯ ವಾಡಿಯ ಸಿಮೆಂಟ್ ಕಾರ್ಖಾನೆಯ ಧೂಳಿನಷ್ಟಿಲ್ಲದಿದ್ದರೂ ಇತ್ತು. ಒರೆಸಿ, ಹೊಸ ಬ್ಯಾಟರಿ ಕೂಡಿಸಿ, ಪರೀಕ್ಷೆಯ ಗುಂಡಿ ಒತ್ತಿದೆ. ಅದು ಕಿರುಚಿದ್ದಕ್ಕೆ ಏಣಿಯಿಂದ ಜಾರಿ ಎರಡು ಮೆಟ್ಟಿಲು ಕೆಳಗೆ ಬಂದೆ. ಮೊಣಕೈ ತರಚಿತು. ಗೋಡೆಯಾಚೆ ನಾಯಿ ಬೊಗಳಿತು. ಕೆಲಸವಾಯಿತು ಎಂದು ಕೆಳಗೆ ಕೂತೆ.

ಚಿಕ್.

ಐಲೀನ್ ಬಂದು ಅದರ ಬೆನ್ನು ತಿರುಗಿಸಿ ನೋಡು ಅಂದಳು. ಇವಕ್ಕೆ ಹತ್ತು ವರ್ಷದ ಆಯಸ್ಸು, ಮುಗಿದ ಮೇಲೆ ಬ್ಯಾಟರಿ ಹೊಸದಿದ್ದರೂ ಕೂಗುತ್ತವಂತೆ. ಬೆನ್ನ ಮೇಲಿನ ತಾರೀಖು ದಾಟಿ ಐದು ತಿಂಗಳಾಗಿತ್ತು. ಬ್ಯಾಟರಿ ತೆಗೆದೆ. ಒಳಗೆ ಉಳಿದ ವಿದ್ಯುತ್ತು ಹೋಗಲೆಂದು ಗುಂಡಿಯನ್ನು ಒತ್ತಿ ಹಿಡಿದೆ. ಅದು ಒಂದು ಸಲ ನರಳಿ ಸುಮ್ಮನಾಯಿತು. ಸತ್ತ ಯಂತ್ರವನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತೆ.

ಚಿಕ್.

ಮೇಜಿನಿಂದಲ್ಲ. ಮನೆಯಲ್ಲಿ ಇನ್ನೊಂದಿತ್ತು.

ಅಷ್ಟು ತೀಕ್ಷ್ಣವಾದ, ಅಷ್ಟು ಚಿಕ್ಕ ಸದ್ದು ಯಾವ ಕಡೆಯಿಂದ ಬಂತು ಎಂದು ಕಿವಿಗೆ ಗೊತ್ತಾಗುವುದಿಲ್ಲ. ಈ ಪಾಠವನ್ನು ನಾನೇ ಮಾಡಿದ್ದೇನೆ. ಒಂದೊಂದು ಕೋಣೆಯಲ್ಲಿ ಎರಡೆರಡು ಸಲ ಸದ್ದಾಗುವವರೆಗೆ ಉಸಿರು ಬಿಗಿಹಿಡಿದು ನಿಂತೆ. ಅಕ್ಕ ಡ್ಯೂಟಿಯಿಂದ ಬಂದು, ನಾನು ಮೂಲೆಗೆ ಮುಖ ಮಾಡಿ ನಿಂತದ್ದನ್ನು ಕಂಡು, ನಿನಗೆ ಇಂಗ್ಲೆಂಡಿನಲ್ಲಿ ನೋಡಲಿಕ್ಕೆ ಇದೇ ಸಿಕ್ಕಿತೇ ಎಂದು ಬೈದಳು. ಸುಮ್ಮನಿರು, ಕೇಳು, ಈಗ ಬರುತ್ತದೆ ಅಂದೆ. ಅವಳು ತಲೆ ವಾರೆ ಮಾಡಿ ನಿಂತಳು. ಚಿಕ್ ಎಂದಿತು. "ಎಲ್ಲಿಂದ ಬಂತು?" ಎಂದೆ. ಮೇಲಿನಿಂದ ಅಂದಳು. ನಾನು ಮೇಲೆ ಹೋಗಿ ಇಡೀ ಸಂಜೆ ಹಾಳುಮಾಡಿದೆ.

ಶನಿವಾರ, ಅಡುಗೆಮನೆ

ಅದು ಇದ್ದದ್ದು ಕೆಳಗೆ, ಮೆಟ್ಟಿಲ ಅಡಿಯ ಕಪಾಟಿನಲ್ಲಿ. ಕಸ ಹೀರುವ ಯಂತ್ರದ ಹಿಂದೆ, ಅಕ್ಕಿ ಚೀಲದ ಮಗ್ಗುಲಲ್ಲಿ, ಗೋಡೆಯಿಂದ ಕಳಚಿ ಬಿದ್ದಿತ್ತು. ಹೊಗೆಯದ್ದಲ್ಲ. ಗ್ಯಾಸ್ ಸರಿಯಾಗಿ ಉರಿಯದೆ ವಿಷದ ಗಾಳಿ ತುಂಬಿದರೆ ಎಚ್ಚರಿಸುವ ಇನ್ನೊಂದು ಯಂತ್ರ. ಅದರ ಆಯಸ್ಸೂ ಮುಗಿದಿತ್ತು.

ಶನಿವಾರ ಅಕ್ಕನಿಗೆ ರಜೆ. ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ರೊಟ್ಟಿ ಬೇಯಿಸುತ್ತಿದ್ದಳು. ಜೋಳದ ಹಿಟ್ಟು ನಾನೇ ಊರಿಂದ ಹೊತ್ತು ತಂದದ್ದು. ಗೆದ್ದವಳಂತೆ ಹೋಗಿ "ಸಿಕ್ತು ಅಕ್ಕ" ಎಂದು ಅವಳ ಹಿಂದಿನ ಮೇಜಿನ ಮೇಲೆ ಅದನ್ನು ಇಟ್ಟೆ. ಅವಳು ತಿರುಗಲಿಲ್ಲ. ಅದು ಚಿಕ್ ಎಂದಿತು. ತಿರುಗಲಿಲ್ಲ.

ಅವಳ ಬೆನ್ನನ್ನೇ ನೋಡಿದೆ. ಕೈ ಚಾಚಿ ಅದರ ಪರೀಕ್ಷೆಯ ಗುಂಡಿಯನ್ನು ಒತ್ತಿ ಹಿಡಿದೆ. ಸಣ್ಣ ಅಡುಗೆಮನೆ ಅದು. ಸದ್ದು ಹಲ್ಲಿನ ಬೇರಿಗೆ ಮುಟ್ಟಿತು. ನನ್ನ ಇನ್ನೊಂದು ಕೈ ತಾನಾಗಿಯೇ ಕಿವಿಗೆ ಹೋಯಿತು. ಪಕ್ಕದ ಮನೆಯ ನಾಯಿ ಹುಚ್ಚೆದ್ದು ಬೊಗಳಿತು. ಎರಡು ಮಾರು ದೂರದಲ್ಲಿ ಅಕ್ಕ ತವೆಯ ಮೇಲಿನ ರೊಟ್ಟಿಯನ್ನು ಮೆಲ್ಲಗೆ ತಿರುವಿ ಹಾಕಿದಳು, ಒದ್ದೆ ಬಟ್ಟೆಯಿಂದ ಅಂಚು ಒತ್ತಿದಳು.

ರೊಟ್ಟಿ ತಟ್ಟೆಗೆ ಹಾಕಿಕೊಂಡು ತಿರುಗಿದಾಗ ಕಿವಿಗೆ ಬೆರಳಿಟ್ಟುಕೊಂಡ ನನ್ನನ್ನು ಕಂಡಳು. ನನ್ನ ಹೆಬ್ಬೆರಳ ಕೆಳಗಿದ್ದ ಯಂತ್ರವನ್ನು ನೋಡಿದಳು. ನಾನು ಕೈ ತೆಗೆದೆ. ಅವಳು ಒಲೆ ಆರಿಸಿ ಕುರ್ಚಿಯ ಮೇಲೆ ಕೂತಳು.

ಎಷ್ಟು ದಿನವಾಯಿತು ಎಂದು ಕೇಳಿದೆ.

"ಮೂರು ವರ್ಷ ಆಗಿರಬೇಕು" ಅಂದಳು. "ಮೊದಲು ಹಕ್ಕಿ ಹೋದ್ವು. ಆಮ್ಯಾಲ ಫೋನು. ಈಗ ಬಾಯಿ ನೋಡಿದ್ರಷ್ಟೇ ತಿಳೀತದ."

ಮೂರು ವರ್ಷದಿಂದ ಅವಳು ವಿಡಿಯೊ ಕಾಲ್ ಬಿಟ್ಟು ಬೇರೆ ಕಾಲ್ ಮಾಡಿರಲಿಲ್ಲ. ಮುಖ ನೋಡಬೇಕು ಅನ್ನುತ್ತಿದ್ದಳು. ಪ್ರೀತಿ ಅಂದುಕೊಂಡಿದ್ದೆ.

ಡಾಕ್ಟರಿಗೆ ತೋರಿಸು, ಕಿವಿಯ ಮಷೀನು ಹಾಕಿಕೊಂಡು ಎಷ್ಟೋ ಜನ ಕೆಲಸ ಮಾಡುತ್ತಾರೆ ಅಂದೆ. ನರ್ಸಿಗೆ ನಾನು ಬುದ್ಧಿ ಹೇಳುತ್ತಿದ್ದೆ. ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಫೆಬ್ರುವರಿಯಲ್ಲಿ ನಡೆದದ್ದನ್ನು ಹೇಳಿದಳು. ಅವಳ ಆರೈಕೆಯಲ್ಲಿ ಒಬ್ಬ ಮುದುಕನಿದ್ದ, ಕ್ಯಾನ್ಸರಿನ ಕೊನೆಯ ಹಂತ. ನೋವಿನ ಔಷಧವನ್ನು ಹನಿಹನಿಯಾಗಿ ಮೈಯೊಳಗೆ ಬಿಡುವ ಸಣ್ಣ ಪಂಪು ಅವನ ಮಗ್ಗುಲಲ್ಲಿರುತ್ತಿತ್ತು. ಅದು ನಿಂತರೆ ಕೂಗುತ್ತದೆ. ಒಂದು ಮಧ್ಯಾಹ್ನ ಅದು ನಿಂತಿತು, ಕೂಗಿತು. ಅಕ್ಕ ಅದೇ ಕೋಣೆಯಲ್ಲಿ ಅವನಿಗೆ ಬೆನ್ನು ಮಾಡಿ ಬಟ್ಟೆ ಮಡಚಿ ಕಪಾಟಿಗೆ ಇಡುತ್ತಿದ್ದಳು. ಎಷ್ಟು ಹೊತ್ತು ಕೂಗಿತೋ ಗೊತ್ತಿಲ್ಲ. ತಿರುಗಿದಾಗ ಅವನ ಮುಖ ಕಂಡಿತು. ಅವನೂ ಕೂಗುತ್ತಿದ್ದನಂತೆ, ಅವಳ ಪಾಲಿಗೆ ದನಿ ಇರಲಿಲ್ಲ ಅಷ್ಟೆ.

"ನಾ ಕ್ವಾಣ್ಯಾಗ ಇದ್ದಿದ್ದಿಲ್ಲ ಅಂತ ರಿಪೋರ್ಟಿನ್ಯಾಗ ಬರದೀನಿ" ಅಂದಳು. "ಆಗಷ್ಟೇ ಬಂದೆ ಅಂತ ಬರದೀನಿ. ಅಂವ ಮೂರು ವಾರ ಆದಮ್ಯಾಲ ಹೋದ. ಅವನ ಮಗಳು ಬಂದು, ಭಾಳ ಛಲೋ ನೋಡಿಕೊಂಡ್ರಿ ಅಂತ ನಂಗ ಚಾಕಲೇಟಿನ ಡಬ್ಬಿ ಕೊಟ್ಟು ಹೋದಳು."

ಡಬ್ಬಿ ಫ್ರಿಜ್ಜಿನ ಮೇಲಿತ್ತು. ರಿಬ್ಬನ್ನು ಬಿಚ್ಚಿರಲಿಲ್ಲ.

ಹೇಳಿಬಿಡು ಅಕ್ಕ ಅಂದೆ. ಇನ್ನೊಬ್ಬರಿಗೆ ಹಾಗಾದರೆ ಏನು ಮಾಡುತ್ತಿ ಅಂದೆ. ಅವಳು ನನ್ನ ತುಟಿ ನೋಡುವುದನ್ನು ಬಿಟ್ಟು ಮೇಜನ್ನು ನೋಡತೊಡಗಿದಳು. ಅದು ಅವಳು ಕಿವಿ ಮುಚ್ಚಿಕೊಳ್ಳುವ ರೀತಿ ಎಂದು ಆಗ ತಿಳಿಯಿತು. ನಾನು ಮುಂಗೈ ಮುಟ್ಟಿದಾಗ ತಲೆ ಎತ್ತಿದಳು.

"ಅಪ್ಪಗ ಕಿವಿ ಹೋದಮ್ಯಾಲ ಯಾರು ಮಾತಾಡಸ್ತಿದ್ರು ಹೇಳು. ನೀ ಮಾತಾಡಸ್ತಿದ್ದೇನು?"

ಕಲ್ಲು ಕೊಯ್ಯುವ ಯಂತ್ರ ಅಪ್ಪನ ಎರಡೂ ಕಿವಿ ತಿಂದಿತ್ತು. ಅಕ್ಕ ಇಂಗ್ಲೆಂಡಿಗೆ ಹೋದ ಮೇಲೆ ಅವನು ಎಂಟು ವರ್ಷ ನನ್ನ ಜೊತೆಗಿದ್ದ. ಮೊದಮೊದಲು ಕೂಗಿ ಹೇಳುತ್ತಿದ್ದೆ. ಶಾಲೆಯಲ್ಲಿ ಕೂಗಿ ಬಂದು ಮನೆಯಲ್ಲೂ ಕೂಗುವುದು ಸಾಕಾಗುತ್ತಿತ್ತು. ಆಮೇಲೆ ಕೈಸನ್ನೆ ಮಾಡಿದೆ. ಆಮೇಲೆ ಅದನ್ನೂ ಬಿಟ್ಟೆ. ಬಾಗಿಲ ಬಳಿ ಕೂತಿರುತ್ತಿದ್ದ. ಒಳಗೆ ಹೊರಗೆ ಓಡಾಡುವವರ ಬಾಯಿಯನ್ನು ನೋಡುತ್ತಿದ್ದ.

ಅಕ್ಕನ ಡ್ಯೂಟಿಯ ಜಾಗ

ಆಮೇಲಿನ ನಾಲ್ಕು ದಿನ ನಾವು ಆ ಮಾತು ಎತ್ತಲಿಲ್ಲ. ಅಕ್ಕ ದಿನಾ ಬೆಳಿಗ್ಗೆ ಸಮವಸ್ತ್ರ ಇಸ್ತ್ರಿ ಮಾಡಿಕೊಂಡು ಹೋದಳು. ನಾನು ಕಿಟಕಿಯಲ್ಲಿ ಕೂತು, ಈ ಹೊತ್ತಿಗೆ ಯಾರ ಪಂಪು ಕೂಗುತ್ತಿರಬಹುದು ಎಂದು ಯೋಚಿಸಿದೆ. ಎದುರಿನ ಗುಡ್ಡದ ಮೇಲೆ ಕುರಿಗಳಿದ್ದವು. ಅಷ್ಟು ಹಸಿರನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ, ನೋಡಿದ ನೆನಪೂ ಸರಿಯಾಗಿ ಉಳಿದಿಲ್ಲ.

ಐದನೆಯ ದಿನ ಅವಳು ಊಟದ ಡಬ್ಬಿ ಮರೆತು ಹೋದಳು. ಅದನ್ನು ತೆಗೆದುಕೊಂಡು ದಾರಿ ಕೇಳಿಕೊಂಡು ನಡೆದೆ. ಡಬ್ಬಿ ಒಂದು ನೆಪ ಎಂದು ಅರ್ಧ ದಾರಿಯಲ್ಲೇ ನನಗೆ ಗೊತ್ತಿತ್ತು.

ದೊಡ್ಡ ಹಳೆಯ ಬಂಗಲೆ, ಮುಂದೆ ಗುಲಾಬಿ ಗಿಡಗಳು. ಕಿಟಕಿಯ ಬಳಿ ವಯಸ್ಸಾದವರು ಬಿಸಿಲಿಗೆ ಕೂತಿದ್ದರು. ಅಲ್ಲಿನ ಮ್ಯಾನೇಜರ್ ಗ್ರೇಸ್ ಎಂಬುವಳು ನನ್ನನ್ನು ಗಾಜಿನ ಬಾಗಿಲಿನ ತನ್ನ ಕೋಣೆಯೊಳಗೆ ಕೂರಿಸಿ ಚಹಾ ಕೊಟ್ಟಳು. ಮಹಾನಂದಾಳ ತಂಗಿ ಎಂದು ತಿಳಿದು ಅವಳಿಗೆ ಖುಷಿಯಾಗಿತ್ತು. ಇಲ್ಲಿನ ಮುದುಕರು ಅಕ್ಕನನ್ನೇ ಕೇಳಿ ಕರೆಸಿಕೊಳ್ಳುತ್ತಾರಂತೆ. ಬೇರೆಯವರು ನಿಂತಲ್ಲೇ ಹೂಂಗುಟ್ಟಿ ಹೋಗುತ್ತಾರೆ, ಇವಳೊಬ್ಬಳೇ ಹತ್ತಿರ ಬಾಗಿ, ಅವರ ಮುಖದಿಂದ ಕಣ್ಣು ತೆಗೆಯದೆ ಮಾತು ಕೇಳುತ್ತಾಳೆ, ಅಷ್ಟು ಗಮನ ಕೊಟ್ಟು ಕೇಳುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ ಅಂದಳು.

ಹೇಳಬೇಕೆಂದಿದ್ದ ಮಾತು ನನ್ನ ನಾಲಿಗೆಯ ಮೇಲಿತ್ತು. ಚಹಾದ ಜೊತೆ ನುಂಗಿದೆ. ಮತ್ತೆ ಬಂತು. ಬಾಯಿ ತೆರೆದೆ. ಗಾಜಿನ ಆಚೆ ಅಕ್ಕ ನಿಂತಿದ್ದಳು. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಬಾಗಿಲು ತೆರೆದು ಒಳಗೆ ಬಂದಳು. ನನ್ನನ್ನು ನೋಡಲಿಲ್ಲ. ಗ್ರೇಸ್‌ಳ ಎದುರಿಗೆ ನಿಂತು, ನಿಧಾನವಾದ ಇಂಗ್ಲಿಷಿನಲ್ಲಿ, ಫೆಬ್ರುವರಿಯ ಆ ಮಧ್ಯಾಹ್ನ ತಾನು ಆ ಕೋಣೆಯಲ್ಲೇ ಇದ್ದೆ ಎಂದು ಹೇಳಿದಳು. ಗ್ರೇಸ್‌ಗೆ ಮೊದಲು ಅರ್ಥವಾಗಲಿಲ್ಲ. ಅಕ್ಕ ಎಲ್ಲವನ್ನೂ ಹೇಳಿದಳು, ಕಿವಿಯದ್ದು, ಪಂಪಿನದ್ದು, ಬರೆದ ಸುಳ್ಳಿನದ್ದು. ಗ್ರೇಸ್ ಎದ್ದು ಬಾಗಿಲು ಮುಚ್ಚಿದಳು. ಅವಳು ಬಯ್ಯಲಿಲ್ಲ. ಮೇಲಿನವರಿಗೆ ಬರೆಯಲೇಬೇಕಾಗುತ್ತದೆ ಅಂದಳು, ಅದು ತೀರ್ಮಾನವಾಗುವವರೆಗೆ ಕೆಲಸಕ್ಕೆ ಬರುವಂತಿಲ್ಲ ಅಂದಳು, ಔಷಧದ ಕಪಾಟಿನ ಕೀಲಿ ಕೇಳಿದಳು. ಅಕ್ಕ ಕೀಲಿಯನ್ನು ಸೊಂಟದಿಂದ ಬಿಚ್ಚುವಾಗ ಕೊಕ್ಕೆ ಎರಡು ಸಲ ತಪ್ಪಿತು. ಗ್ರೇಸ್ ಮೇಜಿನ ಆಚೆಯಿಂದ ಬಂದು ಬಿಚ್ಚಿಕೊಂಡಳು.

ಅಕ್ಕನ ಕಾರು ಅಲ್ಲೇ ಬಿಟ್ಟು ನಡೆದು ಬಂದೆವು. ಮಳೆ ಹನಿಯುತ್ತಿತ್ತು. ಇಳಿಜಾರಿನಲ್ಲಿ ಅಕ್ಕ ನಿಂತಳು.

"ನೀ ಹೇಳಿಬಿಟ್ಟಿ" ಅಂದಳು.

"ಇಲ್ಲ ಅಕ್ಕ. ನಾ ಏನೂ ಹೇಳಿಲ್ಲ."

ಅವಳು ನನ್ನ ತುಟಿಯನ್ನು ಓದಿದಳು. ಮಾತು ತಿಳಿಯಿತು, ನಂಬಲಿಲ್ಲ. ನಾನು ಹೇಳಿರಲಿಲ್ಲ ಎನ್ನುವುದು ಖರೆ. ಹೇಳಲಿಕ್ಕೇ ಹೋಗಿದ್ದೆ ಎನ್ನುವುದೂ ಖರೆ. ಎರಡನೆಯದನ್ನು ಹೇಳದೆ ಮೊದಲನೆಯದನ್ನು ಮತ್ತೆ ಮತ್ತೆ ಹೇಳುವ ಮುಖ ನನಗಿರಲಿಲ್ಲ.

ಉಳಿದ ದಿನಗಳು

ಅಕ್ಕ ಬೆಳಿಗ್ಗೆ ಐದಕ್ಕೇ ಏಳುತ್ತಿದ್ದಳು, ತಲೆ ಬಾಚಿಕೊಂಡು ಬಂದು ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಇಸ್ತ್ರಿ ಮಾಡಿದ ಸಮವಸ್ತ್ರ ಬಾಗಿಲ ಹಿಂದೆ ತೂಗುತ್ತಿತ್ತು. ಸಮುದ್ರಕ್ಕೆ ಹೋಗೋಣವೇ ಎಂದು ನಾನೇ ಕೇಳಿದೆ. ಬೇಡ ಅಂದಳು.

ಐಲೀನಳಿಗೆ ವಿಷಯ ತಿಳಿಸಿದೆ. ಅಕ್ಕ ಬೇಕೆಂದೇ ಹಾಗೆ ಮಾಡಿರಲಿಲ್ಲ ಎಂದು ಅವಳಿಗಾದರೂ ಗೊತ್ತಾಗಲಿ ಅನ್ನಿಸಿತು. ಅವಳು ತಾನೇ ಅಗ್ನಿಶಾಮಕದವರಿಗೆ ಫೋನ್ ಮಾಡಿದಳು. ಕಿವಿ ಕೇಳಿಸದವರ ಮನೆಗೆ ಬೇರೆಯೇ ಅಲಾರಂ ಇರುತ್ತದಂತೆ, ಅವರೇ ಬಂದು ಹಾಕಿ ಹೋಗುತ್ತಾರಂತೆ. ಎರಡು ದಿನ ಬಿಟ್ಟು ಇಬ್ಬರು ಬಂದರು. ಬೂಟು ಬಿಚ್ಚಿ ಒಳಗೆ ಬಂದರು. ಮೆಟ್ಟಿಲ ಮೇಲೆ ಹೊಸ ಯಂತ್ರ ಕೂಡಿಸಿದರು, ಕೋಣೆಯಲ್ಲಿ ಮಿಂಚಿನಂತೆ ಹೊಳೆಯುವ ದೀಪ ಹಾಕಿದರು, ದಿಂಬಿನ ಕೆಳಗೆ ಒಂದು ಬಿಲ್ಲೆ ಇಟ್ಟರು. ಹೊಗೆಯಾದರೆ ಆ ಬಿಲ್ಲೆ ಹಾಸಿಗೆಯನ್ನೇ ಅಲುಗಾಡಿಸುತ್ತದೆ. ಅಡುಗೆಮನೆಗೂ ಒಂದು ಹೊಸದು ಬಂತು. ನಾನು ದಿನಗಟ್ಟಲೆ ಹೆಣಗಿದ್ದನ್ನು ಅವರು ಅರ್ಧ ಗಂಟೆಯಲ್ಲಿ ಮುಗಿಸಿದರು.

ಕೊನೆಗೆ ಒಂದು ಕಾಗದ ಕೊಟ್ಟರು. ಈ ಮನೆಯಲ್ಲಿ ಕಿವಿ ಕೇಳಿಸದವರಿದ್ದಾರೆ ಎಂಬ ಸಾಲಿನ ಮುಂದೆ ಗುರುತು ಹಾಕಿ ಸಹಿ ಮಾಡಬೇಕಿತ್ತು. ಅಕ್ಕ ಪೆನ್ನು ಹಿಡಿದು ಕೂತಳು. ಬಂದವರಲ್ಲಿ ಒಬ್ಬ, ಅವಸರವಿಲ್ಲ ಎಂದು ಕಿಟಕಿಯಿಂದ ಹೊರಗೆ ನೋಡುತ್ತ ನಿಂತ. ಅವಳು ಗುರುತು ಹಾಕಿದಳು. ಸಹಿಯ ಪಕ್ಕ, ಯಾರೂ ಕೇಳದಿದ್ದರೂ, ರೂಢಿಯ ಮೇಲೆ ನರ್ಸ್ ಎಂದು ಬರೆದಳು. ಬರೆದು ನೋಡಿ, ಅದನ್ನು ಹೊಡೆದುಹಾಕಿದಳು.

ಹೊರಡುವ ದಿನ ವಿಮಾನ ನಿಲ್ದಾಣದವರೆಗೆ ಬಸ್ಸಿನಲ್ಲಿ ಬಂದಳು. ಚೀಲದ ಜಿಪ್ಪು ಎಳೆದು ನೋಡಿದಳು, ಪಾಸ್‌ಪೋರ್ಟ್ ಕೈಯಲ್ಲಿ ಹಿಡಿಸಿದಳು, ನನ್ನ ಸೆರಗಿನ ಪಿನ್ನು ಸರಿಮಾಡಿದಳು.

"ನೀ ಬರಬಾರದಿತ್ತು, ಸುಜಾ" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ನಾನು ಏನಾದರೂ ಹೇಳುವ ಮೊದಲೇ ನೆಲ ನೋಡಿದಳು.

ಚಿತ್ತಾಪುರ

ಶಾಲೆ ಶುರುವಾಗಿ ಎರಡು ತಿಂಗಳಾದ ಮೇಲೆ, ಬೆಳಿಗ್ಗೆ ಹನ್ನೊಂದರ ಬಿಡುವಿನಲ್ಲಿ ಫೋನಿಗೆ ಅಕ್ಕನ ಸಂದೇಶ ಬಂತು. ವಿಚಾರಣೆ ಮುಗಿಯಿತು, ಇನ್ನು ನರ್ಸ್ ಕೆಲಸ ಮಾಡುವಂತಿಲ್ಲ ಎಂದು ಎರಡು ಸಾಲು. ಕಿವಿಯ ಕಾರಣಕ್ಕಲ್ಲ, ಬರೆದ ಸುಳ್ಳಿನ ಕಾರಣಕ್ಕೆ.

ಸ್ಟಾಫ್ ರೂಮಿನಿಂದ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ವಿಡಿಯೊ ಕಾಲ್ ಮಾಡಿದೆ. ಎತ್ತಲಿಲ್ಲ. ಉದ್ದನೆಯ ಸಂದೇಶ ಬರೆದೆ. ಆ ದಿನ ಅವಳ ಡ್ಯೂಟಿಯ ಜಾಗಕ್ಕೆ ನಾನು ಯಾಕೆ ಹೋಗಿದ್ದೆ ಎಂದು ಬರೆದೆ, ಅಪ್ಪನ ಬಗ್ಗೆ ಬರೆದೆ, ಇಲ್ಲಿಗೆ ಬಂದು ನನ್ನ ಜೊತೆ ಇರು ಎಂದು ಬರೆದೆ. ಕಳಿಸಲಿಕ್ಕೆ ಧೈರ್ಯವಾಗದೆ ಎಲ್ಲ ಅಳಿಸಿದೆ. ಬಿಡುವು ಮುಗಿದು ಗಂಟೆ ಹೊಡೆದರು. ಮಕ್ಕಳು ಒಳಗೆ ಓಡಿದರು. "ಊಟ ಆತಾ?" ಎಂದು ಬರೆದು ಕಳಿಸಿದೆ.

"ಆತು" ಎಂದು ಬಂತು.

ಅಲ್ಲಿ ಆಗ ಬೆಳಗಿನ ಏಳೂ ಆಗಿರಲಿಲ್ಲ.